ಬಸ್ಸಿನವರ ಚಪ್ಪಲಿಗಳು

ಬಾದಾಮಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಬಳಿ ಬುಟ್ಟಿ ತುಂಬ ಹಳೆಯ ಚಪ್ಪಲಿಗಳಿದ್ದವು. ಯಾವುದಕ್ಕೂ ಜೋಡಿಯಿರಲಿಲ್ಲ. ಎದುರಿಗೇ ದವಾಖಾನೆ. ಊರವರು ಮುಂಜಾನೆಯೇ ಅದರ ಬಾಗಿಲಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು, ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಚಪ್ಪಲಿ ಇದ್ದಲ್ಲಿ ಪಾಳಿ. ಹಳ್ಳಿಯವರು ಬಸ್ಸಿಳಿಯುವಷ್ಟರಲ್ಲಿ ಸಾಲು ಗೇಟು ದಾಟಿರುತ್ತಿತ್ತು. ಬಿಪಿ, ಸಕ್ಕರೆ ತೋರಿಸಲು ಬಂದವರು ಡಾಕ್ಟರನ್ನು ಕಾಣದೆಯೇ ಮರಳುತ್ತಿದ್ದರು.

ಅಜ್ಜಿ ಅಂಗಳ ಗುಡಿಸಿದ ಕೂಡಲೇ ಹೋಗಿ, ಆ ಸಾಲಿನ ನಡುನಡುವೆ ತನ್ನ ಚಪ್ಪಲಿಗಳನ್ನು ಇಟ್ಟು ಬರುತ್ತಿದ್ದಳು. ಬಸ್ಸಿಳಿದವರನ್ನು ಅವುಗಳ ಜಾಗದಲ್ಲಿ ನಿಲ್ಲಿಸುತ್ತಿದ್ದಳು. ಇವು ಯಾರವೆಂದು ಕೇಳಿದರೆ ಅವಳದು ಒಂದೇ ಮಾತು: “ಬರ್ತಾರ್ರಿ, ಬಸ್ ಇನ್ನೂ ದಾರ್ಯಾಗೈತಿ.”

ಒಂದು ದಿನ ಕಿರಾಣಿ ಅಂಗಡಿಯ ಸಾಹುಕಾರ ಸಿಟ್ಟಿಗೆದ್ದು ಒಂದು ಚಪ್ಪಲಿಯನ್ನು ಕಾಲಿನಿಂದ ದೂಡಿದ. “ಮನುಷ್ಯಾರೇ ಇಲ್ಲ, ಇದಕ್ಯಾತರ ಪಾಳಿ?”

“ನೀವು ಚಾ ಕುಡ್ಯಾಕ ಹೋದಾಗ ನಿಮ್ಮ ಚಪ್ಪಲ್ಯಾಗ ಮನುಷ್ಯಾರಿದ್ರೇನ್ರಿ?” ಎಂದಳು ಅಜ್ಜಿ.

ಅಷ್ಟರಲ್ಲಿ ಬಸ್ಸು ಬಂತು. ಮಹಾಕೂಟದ ಕಡೆಯ ಕುರಿಗಾಹಿಯೊಬ್ಬ ಏದುಸಿರು ಬಿಡುತ್ತ ಬಂದು ಸಾಹುಕಾರನನ್ನೇ ಕೇಳಿದ: “ಎರಡ ಸಲ ಬಂದು ಹಂಗ ಹೋಗೇನ್ರಿ. ಇವತ್ತರ ಡಾಕ್ಟರ್ ಸಿಗ್ತಾರೇನ್ರಿ?”

ಸಾಹುಕಾರ ಸರಿದು ಜಾಗ ಬಿಟ್ಟ.

ಅಜ್ಜಿ ಈಗ ಇಳಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೊನ್ನೆ ಬಿಪಿ ತೋರಿಸಲು ಹೋದಾಗ ಸಾಹುಕಾರನ ಹಿಂದೆ ನನ್ನ ಪಾಳಿ. ಅವನ ಮುಂದೆ ಒಂದು ಹರಕು ಒಂಟಿ ಚಪ್ಪಲಿ ಬಿಟ್ಟರೆ ಯಾರೂ ಇರಲಿಲ್ಲ.

“ಜಾಗ ಖಾಲಿ ಐತಲ್ರಿ, ಮುಂದ ಸರೀರಿ” ಎಂದೆ.

ಅವನು ತಿರುಗಿಯೂ ನೋಡಲಿಲ್ಲ. “ತಡೀರಿ, ಬಸ್ ಇನ್ನೂ ದಾರ್ಯಾಗೈತಿ.”