ಕಾವೇರಮ್ಮನ ಒಲೆಯ ಮೇಲೆ ಸಾಸಿವೆ ಎಣ್ಣೆ

ಕಾವೇರಮ್ಮನ ಕೈರುಚಿಯ ಬಗ್ಗೆ ಮಾಣಿ ಎಂಬ ಊರಿನಲ್ಲಿ ಯಾರೂ ಚಕಾರ ಎತ್ತುವಂತಿರಲಿಲ್ಲ. ಹೆದ್ದಾರಿ ಬದಿಯ ಸಣ್ಣ ಹೋಟೆಲಿನಲ್ಲಿ ಅವಳು ಮಾಡುತ್ತಿದ್ದ ಬಂಗುಡೆ ಸಾರು ಉಣ್ಣಲು ಲಾರಿಯವರು ಹಸಿವು ಕಟ್ಟಿಕೊಂಡೇ ಘಟ್ಟ ಇಳಿದು ಬರುತ್ತಿದ್ದರು. ಅದಕ್ಕೂ ಮೊದಲು ಅವಳು ಬೀಡಿ ಕಟ್ಟುತ್ತಿದ್ದಳು. ಬೆರಳುಗಳು ಸೆಟೆದುಕೊಂಡ ಮೇಲೆ ಸೌಟು ಹಿಡಿದಳು. ಆಮೇಲೆ ರಸ್ತೆ ಅಗಲವಾಯಿತು, ಹೋಟೆಲು ಜೆಸಿಬಿಯ ಬಾಯಿಗೆ ಬಿತ್ತು. ಈಗ ನೋಡಿ ಮಾರಾಯ್ರೆ, ಹೋಟೆಲನ್ನು ನುಂಗಿದ ಅದೇ ರಸ್ತೆಗೆ ಡಾಮರು ಹಾಕುವವರಿಗೆ ಇವಳು ಅನ್ನ ಬೇಯಿಸುತ್ತಾಳೆ. ಸಿಟ್ಟು ಮಾಡಿಕೊಂಡು ಮನೆಯಲ್ಲಿ ಕೂರುವ ಭಾಗ್ಯ ಅವಳಿಗೆಲ್ಲಿಯದು? ಗಂಡ ಹುಕ್ರಪ್ಪ ಮೂಟೆ ಹೊತ್ತು ಹೊತ್ತು ಸೊಂಟ ಕಳೆದುಕೊಂಡಿದ್ದಾನೆ. ಇವಳು ದುಡಿದರೆ ಇಬ್ಬರಿಗೂ ಊಟ.

ಡಾಮರಿನ ಕೆಲಸದವರೆಲ್ಲ ಬಂಗಾಳದ ಕಡೆಯವರು. ಅವರು ಮಲಗುವ ಶೆಡ್ಡಿನ ಪಕ್ಕದಲ್ಲೇ ಡಾಮರಿನ ಡ್ರಮ್ಮುಗಳು ಇದ್ದುದರಿಂದ, ಅಲ್ಲಿ ಯಾರೂ ಒಲೆ ಹಚ್ಚಬಾರದೆಂದು ಸೈಟು ನೋಡಿಕೊಳ್ಳುವ ಸುಧಾಕರ ಕಟ್ಟಪ್ಪಣೆ ಮಾಡಿದ್ದ. ಹಾಗಾಗಿ ದೂರದಲ್ಲೊಂದು ಶೀಟಿನ ಮಾಡು, ಅದರಡಿ ಕಾವೇರಮ್ಮನ ಒಲೆ. ಮೊದಮೊದಲು ಅವಳು ತೆಂಗಿನೆಣ್ಣೆಯ ಒಗ್ಗರಣೆ ಹಾಕಿ ಬಡಿಸಿದಳು. ಅವರು ಮೂಗು ಮುರಿದರು. ಅವರ ಊರಲ್ಲಿ ಅದು ತಲೆಗೆ ಹಚ್ಚುವ ಎಣ್ಣೆಯಂತೆ! ಅಂಗಡಿಯಿಂದ ತಾವೇ ಸಾಸಿವೆ ಎಣ್ಣೆಯ ಬಾಟ್ಲಿ ತಂದು ಅವಳ ಮುಂದಿಟ್ಟರು. ಈಗ ಮೂಗು ಮುರಿಯುವ ಸರದಿ ಇವಳದು. ಅವಳಿಗೆ ಗೊತ್ತಿದ್ದಂತೆ ಅದು ಕಾಲು ಉಳುಕಿದರೆ ಉಜ್ಜುವ ಎಣ್ಣೆ.

"ದೇವರೇ, ಇದನ್ನು ತಿನ್ನುವುದುಂಟಾ?" ಎಂದು ಗೊಣಗುತ್ತಲೇ ಬಾಣಲೆಗೆ ಸುರಿದಳು.

ಊಟ ತನ್ನಿಚ್ಛೆ ಎನ್ನುತ್ತಾರಲ್ಲ, ಹಾಗೆಂದು ಅವರಿಷ್ಟದಂತೆಯೇ ಮಾಡಿದ್ದಾಯಿತು. ಆದರೂ ಅವರು ಉಣ್ಣಲಿಲ್ಲ. ಎರಡು ತುತ್ತು ನುಂಗಿ, ಕೆಮ್ಮಿ, ನೀರು ಕುಡಿದು, ಬರಿಯ ಅನ್ನಕ್ಕೆ ಹಸಿಮೆಣಸು ಕಚ್ಚಿಕೊಂಡು ಏಳುತ್ತಿದ್ದರು. ಬಾಯಿಬಿಟ್ಟು ಯಾರೂ ಏನೂ ಹೇಳುತ್ತಿರಲಿಲ್ಲ. ಪಾತ್ರೆ ಮಾತ್ರ ಹಾಗೇ ಉಳಿಯುತ್ತಿತ್ತು. ಅಡಿಗೆಯವಳಿಗೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಬೇಕೇ?

ಒಂದು ಸೋಮವಾರ ಸುಧಾಕರ ಬಂದು ಉಳಿದ ಪಲ್ಯವನ್ನು ನೋಡಿದ.

"ಕಾವೇರಕ್ಕ, ಬೇಜಾರು ಮಾಡ್ಬೇಡಿ. ಅರೆಹೊಟ್ಟೆಯಲ್ಲಿ ಇವರು ಕೆಲಸ ಮಾಡುದಿಲ್ಲ. ಈ ವಾರವೂ ಹೀಗೇ ಆದ್ರೆ ನಾನು ಅವರ ಊರಿನ ಅಡಿಗೆಯವನನ್ನೇ ತರಿಸ್ತೇನೆ."

"ನಾನು ಎಂತ ಕಡಿಮೆ ಮಾಡಿದ್ದೇನೆ ಹೇಳಿ?"

"ಅದು ನನಗೂ ಗೊತ್ತಾಗುದಿಲ್ಲ ಮಾರಾಯ್ರೆ."

ಈ ಕೆಲಸ ಹೋದರೆ ಇನ್ನೊಂದು ಸಿಗುವ ವಯಸ್ಸಲ್ಲ ಅವಳದು. ಸಂಜೆ ಹುಕ್ರಪ್ಪ, "ಹೋದರೆ ಹೋಗಲಿ ಬಿಡು, ಮತ್ತೆ ಬೀಡಿ ಕಟ್ಟಿದರಾಯಿತು" ಎಂದ. ಮಡಚಲಾಗದ ಬೆರಳುಗಳನ್ನು ಅವನ ಮುಖದೆದುರು ಹಿಡಿದಳು.

ತಪ್ಪು ಎಲ್ಲಿತ್ತು ಗೊತ್ತೇ? ತೆಂಗಿನೆಣ್ಣೆಯಲ್ಲಿ ಕೈ ಪಳಗಿದ ನಮ್ಮೂರಿನ ಯಾವ ಹೆಂಗಸಾದರೂ ಅದೇ ತಪ್ಪು ಮಾಡುತ್ತಿದ್ದಳು. ಬಾಣಲೆಯಿಂದ ಹೊಗೆ ಎದ್ದರೆ ಎಣ್ಣೆ ಕರಟಿತು, ಅಡಿಗೆ ಕೆಟ್ಟಿತು ಎಂದೇ ಲೆಕ್ಕ. ಮದುವೆಯಾದ ಹೊಸದರಲ್ಲಿ ಒಮ್ಮೆ ಎಣ್ಣೆ ಹೊಗೆಯಾಡಿಸಿ ಅತ್ತೆಯಿಂದ ಬೈಸಿಕೊಂಡವಳು ಅವಳು. ಅಂದಿನಿಂದ ಎಣ್ಣೆ ಬೆಚ್ಚಗಾದ ಕೂಡಲೇ ಒಗ್ಗರಣೆ. ಸಾಸಿವೆ ಎಣ್ಣೆಗೂ ಅದೇ ಶಿಸ್ತು! ಹಸಿ ಎಣ್ಣೆಯ ಖಾರ ಹಾಗೇ ಉಳಿದು ಉಂಡವರ ಗಂಟಲು ಕೆರೆಯುತ್ತಿತ್ತು. ಅದು ಅವಳಿಗೆ ತಿಳಿಯುವುದಾದರೂ ಹೇಗೆ? ಒಂದು ದಿನವೂ ಆ ಅಡಿಗೆಯನ್ನು ಅವಳು ನಾಲಿಗೆಗೆ ಮುಟ್ಟಿಸಿದವಳಲ್ಲ. ಮೂಗಿಗೆ ಸೆರಗು ಮುಚ್ಚಿ ಬೇಯಿಸುವುದು, ಮನೆಯಿಂದ ತಂದ ಗಂಜಿಯನ್ನು ಅತ್ತ ತಿರುಗಿ ಉಣ್ಣುವುದು.

ಗುರುವಾರ ಮಧ್ಯಾಹ್ನ ಬಂಗುಡೆ ತಂದಿದ್ದರು. ಅರಸಿನ, ಉಪ್ಪು ಹಚ್ಚಿದ ಮೀನನ್ನು ಅವಳು ಇನ್ನೇನು ಬಾಣಲೆಗೆ ಬಿಡಬೇಕು, ಹಿಂದಿನಿಂದ ಯಾರೋ "ಬೇಡ ಅಮ್ಮ" ಎಂದರು. ಕೆಲಸದವರೆಲ್ಲ ದಾದಾ ಎಂದು ಕರೆಯುವ, ಅರೆಬರೆ ಕನ್ನಡ ಬಲ್ಲ ಮುದುಕ. ಹಸಿವು ಸಂಕೋಚವನ್ನು ಗೆದ್ದಿರಬೇಕು, ಕೈ ತೊಳೆದುಕೊಂಡೇ ಬಂದಿದ್ದ.

"ಈಗ ಬೇಡ. ಸ್ವಲ್ಪ ನಿಲ್ಲು."

ಬಾಣಲೆಯಿಂದ ಬಿಳಿ ಹೊಗೆ ಎದ್ದಿತು.

"ಕರಟಿತು! ಅಯ್ಯೋ ಮಾರಾಯ, ಪೂರ್ತಿ ಕರಟಿತು!"

ಅವನು ನಕ್ಕನೇ ಹೊರತು ಜಗ್ಗಲಿಲ್ಲ. ಎಣ್ಣೆಯ ಬಣ್ಣ ತಿಳಿಯಾಯಿತು. ಬಾಣಲೆ ಇಳಿಸಿ, ಕಾವು ತುಸು ಆರಿದ ಮೇಲೆ ಮತ್ತೆ ಒಲೆಗಿಟ್ಟು ಮೀನು ಬಿಟ್ಟ. ಮೂಗಿಗೆ ಚುಚ್ಚುತ್ತಿದ್ದ ಘಾಟು ಹೋಗಿ ಬೇರೆಯೇ ಒಂದು ಪರಿಮಳ ಬಂತು. ಕಾವೇರಮ್ಮ ಸೆರಗು ಸರಿಸಿದಳು.

"ಇಷ್ಟೇಯಾ? ಮೊದಲೇ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

"ಅಮ್ಮ ಬೈತದೆ," ಎಂದ ಅವನು ಮೆಲ್ಲನೆ.

ಅಂದು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು. ಅಷ್ಟರಲ್ಲಿ ಬಂದ ಸುಧಾಕರನಿಗೆ ಕಂಡದ್ದು ಬರಿದಾದ ಬಾಣಲೆ.

"ಅವರ ಊರಿನ ಅಡಿಗೆಯವನಿಗೆ ಹೇಳಿಟ್ಟಿದ್ದೆ, ಬೇಡ ಅಂತ ಫೋನ್ ಮಾಡ್ತೇನೆ ಅಕ್ಕ. ರಸ್ತೆ ಮುಗಿಯುವ ತನಕ ನೀವೇ."

ಕುಣಿದಾಡಬೇಕಿತ್ತು. ಅವಳು "ಆಯ್ತು" ಎಂದಳು, ಅಷ್ಟೇ. ಕೆಲಸ ಉಳಿಯಿತು ಎಂದಾಗಲೇ ಈ ಮೈಗೆ ಎಷ್ಟು ಸಾಕಾಗಿದೆ ಎಂಬುದು ಅವಳಿಗೆ ಗೊತ್ತಾದದ್ದು. ನಾಳೆ ಮತ್ತೆ ಅಕ್ಕಿ ತೊಳೆಯಬೇಕು, ನಾಡಿದ್ದೂ ತೊಳೆಯಬೇಕು. ಅಕ್ಕಿಚೀಲಕ್ಕೆ ಒರಗಿ ನೆಲದ ಮೇಲೆ ಕುಳಿತುಬಿಟ್ಟಳು.

ದಾದಾ ಒಂದು ಬಟ್ಟಲು ಹಿಡಿದುಕೊಂಡು ಬಂದ. ಎರಡು ತುಂಡು ಮೀನು ತೆಗೆದಿಟ್ಟಿದ್ದ. ಅವಳ ಮುಂದೆ ತಟ್ಟೆಯಿಟ್ಟು, ಅನ್ನ ಹಾಕಿ, ಪಕ್ಕದಲ್ಲಿ ಒಂದು ತುಂಡು ಬಡಿಸಿದ. "ಅಮ್ಮ ತಿನ್ನು," ಎಂದ.

ಬೇಡವೆನ್ನಲು ಬಾಯಿ ತೆರೆದವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವ್ವ ತೀರಿಕೊಂಡ ಮೇಲೆ ಅವಳನ್ನು ಕೂರಿಸಿ ಯಾರೂ ಬಡಿಸಿರಲಿಲ್ಲ. ಗಂಡನೂ ಇಲ್ಲ, ನೆಂಟರೂ ಇಲ್ಲ, ಹೋಟೆಲಿನವರಂತೂ ಇಲ್ಲವೇ ಇಲ್ಲ. ಮೀನು ಮುರಿದು ಅನ್ನಕ್ಕೆ ಕಲಸಿಕೊಂಡು ಉಂಡಳು. ಮುಳ್ಳು ಬಿಟ್ಟು ಪೂರ್ತಿ ಉಂಡಳು.

ಆಮೇಲೆ ಕೂತಲ್ಲಿಂದಲೇ ತಟ್ಟೆ ಮುಂದೆ ಚಾಚಿದಳು.

"ಇನ್ನೊಂದು ತುಂಡು ಹಾಕು ಮಾರಾಯ. ನನಗೆ ಏಳ್ಲಿಕ್ಕೆ ಆಗುದಿಲ್ಲ."