ಬಸವಣ್ಣನಿಗೆ ಕೊಟ್ಟ ಮೊದಲ ಅಂಕಿ

ಭೇದಿ ಹತ್ತಿದ ಕೂಸಿಗೆ ಯಾವ ತಾಯಿಯಾದರೂ ಪುಸ್ತಕ ನೋಡಿ ಔಡಲೆಣ್ಣೆ ಕುಡಿಸಿಬಿಟ್ಟರೆ? ನಿನ್ನೆ ಸಂಜೆ ತಲೆ ಹೊಕ್ಕ ಈ ಚಿಂತೆ ಬೆಳಗಾದರೂ ಇಂದ್ರಾಬಾಯಿಯನ್ನು ಬಿಟ್ಟಿರಲಿಲ್ಲ. ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದವಳು ಬಿಸಿನೀರು ಬೆರೆಸುವುದನ್ನೇ ಮರೆತಳು. ತಣ್ಣೀರು ಬಿದ್ದು ಕೂಸು ಕಿಟಾರನೆ ಕಿರುಚಿದಾಗಲೇ ಅವಳಿಗೆ ಎಚ್ಚರ.

ಚಿಂತೆ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಹುಬ್ಬಳ್ಳಿಯಲ್ಲಿ ಹುಟ್ಟಿ, ಅಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿ, ಹುನಗುಂದದ ಸಂಗಯ್ಯನವರ ಮನೆಗೆ ಸೊಸೆಯಾಗಿ ಬಂದವಳು. ಗಂಡ ಬಸಯ್ಯ ಬಾದಾಮಿಯಲ್ಲಿ ಮಾಸ್ತರ. ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುವವ. ಕೂಸಿಗೆ ಬಿಕ್ಕಳಿಕೆ ಬಂದರೂ ಡಾಕ್ಟರಿಗೆ ಹೇಳಿಕಳಿಸುತ್ತಾಳೆ, ಹಾಲು ಕಾಯಿಸುವಾಗಲೂ ಗಡಿಯಾರ ನೋಡುತ್ತಾಳೆ ಎಂದು ಅತ್ತೆ ಗುರುಲಿಂಗವ್ವ ಓಣಿಯ ತುಂಬ ಹೇಳಿಕೊಂಡು ನಗುತ್ತಿದ್ದಳು. ಆ ನಗೆಯಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ನಕ್ಕೂ ನಕ್ಕೂ, ಸೊಸೆಯ ಮಾತಿನಲ್ಲಿ ಯಾವುದು ಖರೆ ಯಾವುದು ಬರೀ ಗಾಬರಿ ಎಂದು ಬೇರ್ಪಡಿಸುವ ಉಸಾಬರಿಯನ್ನೇ ಮನೆಯವರು ಬಿಟ್ಟಿದ್ದರು. ಈಗೀಗ ಅವಳಿಗೂ ತನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ.

ಸಂಗಯ್ಯನವರದು ಕೋರ್ಟಿನ ಎದುರಿಗೆ ಒಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ವಕೀಲರ ಕಾಗದಪತ್ರ, ಅಡತಿ ಅಂಗಡಿಗಳ ಪಾವತಿ ಪುಸ್ತಕ ಇವೇ ಅಲ್ಲಿನ ಕೆಲಸ. ಓದಿದ ಸೊಸೆ ಎಂದು ಪ್ರೂಫ್ ನೋಡುವುದನ್ನು ಅವಳಿಗೆ ಒಪ್ಪಿಸಿದ್ದರು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕುಳಗೇರಿ ಕ್ರಾಸಿನ ನರ್ಸಬಾಯಿ ಸಿದ್ದಲಿಂಗವ್ವ ಒಂದು ಪುಸ್ತಕ ಬರೆದು ತಂದಳು. ಹಳ್ಳಿಯ ತಾಯಂದಿರಿಗೆ ಕೂಸಿನ ಆರೈಕೆ ಹೇಳಿಕೊಡುವ ಪುಸ್ತಕ. ಮೊದಲನೆಯ ಭಾಗದಲ್ಲಿ ಬೇನೆಗಳ ಗುರುತು. ಎರಡನೆಯದರಲ್ಲಿ ಅವಕ್ಕೆ ಮನೆಯಲ್ಲೇ ಮಾಡುವ ಉಪಚಾರ, ಒಂದೊಂದಕ್ಕೂ ನಂಬರು ಹಾಕಿ. ಉಪಚಾರದ್ದು ಅಡಿಗೆಮನೆಯ ಗೂಟಕ್ಕೆ ತೂಗುಬಿದ್ದಿರಲಿ ಎಂದೇ ಅದನ್ನು ಬೇರೆ ಪುಸ್ತಕ ಮಾಡಿದ್ದು. ಮೊದಲನೆಯದರಲ್ಲಿ ಪ್ರತಿ ಬೇನೆಯ ಕೆಳಗೆ ‘ಎರಡನೆಯ ಭಾಗದ ಇಂತಿಷ್ಟನೆಯ ಉಪಚಾರ ನೋಡಿರಿ’ ಎಂದು ಬರೆದಿತ್ತು. ಮಳೆ ಬಿದ್ದು ಹೊಸನೀರು ಬರುವುದರೊಳಗೆ ಹಂಚಬೇಕೆಂದು ಸಿದ್ದಲಿಂಗವ್ವನ ಆತುರ. ಅದಕ್ಕಾಗಿ ಸಂಗಯ್ಯನವರು ಎರಡನೆಯ ಭಾಗವನ್ನು ತಾವಿಟ್ಟುಕೊಂಡು, ಮೊದಲನೆಯದನ್ನು ಬಾಗಲಕೋಟೆಯ ಗೆಳೆಯ ಕಳಕಪ್ಪನ ಪ್ರೆಸ್ಸಿಗೆ ಕಳಿಸಿದರು.

ಎರಡನೆಯ ಭಾಗ ಅಚ್ಚಾಗಿ, ಹೊಲಿಗೆಯೂ ಮುಗಿದು ಪ್ರೆಸ್ಸಿನ ಮೂಲೆಯಲ್ಲಿ ಕೂತಿತ್ತು. ಮೊದಲನೆಯದರ ಪ್ರೂಫ್ ನಿನ್ನೆ ಬಸ್ಸಿನಲ್ಲಿ ಬಂತು. ಇಂದ್ರಾಬಾಯಿ ಅಕ್ಷರ ಅಕ್ಷರ ಓದಿ ತಿದ್ದಿಕೊಟ್ಟಳು. ನಾಳೆ ಬೆಳಿಗ್ಗೆಯೇ ಛಾಪಿಸಿಬಿಡಿ ಎಂದು ಮಾವ ಮೇಲೆ ಬರೆದು, ತಿರುಗಿ ಹೊರಟ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರು. ಬಸ್ಸು ಹೋದ ಮೇಲೆ ಮಗಳಿಗೆ ಹೊಟ್ಟೆ ಕೆಟ್ಟಿತು. ಗಾಬರಿಬಿದ್ದ ತಾಯಿ, ಮನೆಯಲ್ಲುಳಿದಿದ್ದ ಪ್ರೂಫಿನ ಇನ್ನೊಂದು ಪ್ರತಿ ತೆಗೆದಳು. ಭೇದಿಗೆ ಹದಿನೇಳನೆಯ ಉಪಚಾರ ನೋಡಿರಿ ಎಂದಿತ್ತು. ಎರಡನೆಯ ಭಾಗದಲ್ಲಿ ಹದಿನೇಳು ತೆಗೆದರೆ ಔಡಲೆಣ್ಣೆ ಕುಡಿಸಿರಿ ಎಂದಿತ್ತು. ಅದು ಮಲ ಕಟ್ಟಿದ ಕೂಸಿಗೆ ಹೇಳಿದ್ದು. ಭೇದಿಗೆ ಕೊಡಬೇಕಾದ ಉಪ್ಪು ಸಕ್ಕರೆ ಕದಡಿದ ನೀರು ಹದಿನೆಂಟಕ್ಕೆ ಸರಿದಿತ್ತು.

ಮಗಳ ಹೊಟ್ಟೆ ಆ ನೀರಿಗೇ ತಡೆಯಿತು. ತಾಯಿಯ ಎದೆ ಮಾತ್ರ ತಡೆಯಲಿಲ್ಲ.

ಸಂಗಯ್ಯನವರು ಇಳಕಲ್ಲಿಗೆ ಹೊರಟು ನಿಂತಿದ್ದರು. ಸೀರೆ ಅಂಗಡಿಯವರೊಬ್ಬರ ಚೀಟಿ ಛಾಪಿಸುವ ಕೆಲಸ ಮಾತಾಡಿಕೊಂಡು ಬರಬೇಕಿತ್ತು. ಸೊಸೆ ಪ್ರೂಫನ್ನೂ ಪುಸ್ತಕವನ್ನೂ ಹಿಡಿದು ಬಂದು ನಂಬರು ಯಾಕೆ ಸರಿದಿವೆ ಎಂದು ಕೇಳಿದಳು. ಅವರಿಗೆ ಅದು ಕೇಳುವ ಮಾತೇ ಅನಿಸಲಿಲ್ಲ. ಅವರ ಪ್ರೆಸ್ಸಿನಲ್ಲಿ ಮೊದಲ ಅಂಕಿ ಬಸವಣ್ಣನದು. ಏನೇ ನಂಬರು ಹಾಕಿ ಜೋಡಿಸಲಿ, ಒಂದರ ಮುಂದೆ ‘ಶ್ರೀ ಗುರು ಬಸವಲಿಂಗಾಯ ನಮಃ’, ಉಳಿದದ್ದು ಎರಡರಿಂದ. ಅವರ ತಂದೆಯ ಕಾಲದಿಂದ ಹಾಗೆಯೇ.

“ಒಂದನೇ ನಂಬರ ನೆಗಡಿಗೆ ಕೊಡಬೇಕಿತ್ತೇನು, ತಂಗಿ?”

“ನೆಗಡಿ ಎರಡಕ್ಕ ಹೋತಂದ್ರ ಎಲ್ಲಾವೂ ಒಂದೊಂದು ಮುಂದ ಹೋಗ್ಯಾವ್ರಿ, ಮಾವಾರ.”

“ಕಡೀ ನಂಬರ ನೋಡು. ನರ್ಸಬಾಯಿ ಬರದದ್ದು ನಲವತ್ತು, ನಾವು ಹೊಡದದ್ದೂ ನಲವತ್ತು. ಕಡೀದು ಕೂಡಿದ ಮ್ಯಾಲ ನಡುವಿಂದು ಎಲ್ಲಿ ಓಡಿ ಹೋಗತೈತಿ?”

ಅವಳು ಮತ್ತೆ ಪುಟ ತಿರುವತೊಡಗಿದಳು. ಅಷ್ಟಕ್ಕೂ ಸಮಾಧಾನ ಆಗದಿದ್ದರೆ ಮೊದಲನೆಯ ಭಾಗಕ್ಕೊಂದು ಚೀಟಿ ಅಂಟಿಸೋಣ, ಎಲ್ಲ ನಂಬರಿಗೂ ಒಂದು ಕೂಡಿಸಿ ಓದಿಕೊಳ್ಳಿ ಎಂದು ಹಾಕೋಣ ಅಂದು ಮಾವ ಹೆಗಲಿಗೆ ಶಲ್ಯ ಏರಿಸಿ ಹೋದರು. ಒಳಗಿನಿಂದ ಗುರುಲಿಂಗವ್ವ, ಪುಸ್ತಕಕ್ಕೂ ಹೊಟ್ಟೆ ಕೆಟ್ಟಿತೇನು, ಅದಕ್ಕೂ ಡಾಕ್ಟರನ್ನು ಕರೆಸಲೇನು ಎಂದು ಕೇಳಿದಳು.

ಇಂದ್ರಾಬಾಯಿ ನಗಲಿಲ್ಲ. ಎಲ್ಲವೂ ಒಂದೊಂದು ಸರಿದಿದ್ದರೆ ಕಡೆಯದು ನಲವತ್ತೊಂದಾಗಬೇಕಿತ್ತು. ಆಗಿಲ್ಲ. ಹಾಗಾದರೆ ನಡುವೆ ಎಲ್ಲೋ ಒಂದು ಇಲ್ಲವಾಗಿದೆ. ಎಲ್ಲಿ ಎಂಬುದು ತಿಳಿಯದೆ ಚೀಟಿ ಅಂಟಿಸುವುದು ಹೇಗೆ? ಕೂಸನ್ನು ಕಂಕುಳಿಗೆ ಏರಿಸಿಕೊಂಡು ಪ್ರೆಸ್ಸಿಗೆ ನಡೆದಳು.

ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಖಾಸಿಂಸಾಬ ಹಳಬ, ಮಾತಿನಮಲ್ಲ. ಬೇನೆಯ ಹೆಸರು ಅವಳು ಓದಬೇಕು, ಉಪಚಾರದ ಹೆಸರು ಅವನು ಓದಬೇಕು ಎಂದು ಗೊತ್ತುಮಾಡಿ ಇಬ್ಬರೂ ಕೂತರು. ನೆಗಡಿ, ಕೆಮ್ಮು, ಬಾಯಿಹುಣ್ಣು, ಹೊಟ್ಟೆನುಲಿತ. ಎಲ್ಲವೂ ಒಂದೊಂದು ಮುಂದೆ. ಖಾಸಿಂಸಾಬನಿಗೆ ಬೇಸರ ಬಂತು.

“ನಾ ಹಾಕಿದ ಮೊಳಿ ತಪ್ಪಿಲ್ರಿ ಬಾಯಾರ. ದೇವರಿಗೆ ಕೂಡಾಕ ಜಾಗಾ ಕೊಟ್ಟೇನಿ, ಅಷ್ಟ.”

“ದೇವರು ಕೂತದ್ದಕ್ಕ ಯಾರೋ ಒಬ್ರು ಎದ್ದು ಹೋಗ್ಯಾರ. ಅವರನ್ನ ಹುಡುಕೂಣು, ಓದ್ರಿ.”

ಸಿಕ್ಕಿತು. ಸಿದ್ದಲಿಂಗವ್ವ ಬರೆದಾಗ ಜ್ವರ ಇಪ್ಪತ್ತಮೂರು, ಚಳಿನಡುಕ ಇಪ್ಪತ್ತನಾಲ್ಕು. ಅಚ್ಚಾದ ಪುಸ್ತಕದಲ್ಲಿ ಎರಡೂ ಸೇರಿ ಇಪ್ಪತ್ತನಾಲ್ಕೇ. ಆಗ ಖಾಸಿಂಸಾಬನಿಗೆ ನೆನಪಾಯಿತು: ನರ್ಸಬಾಯಿ ಒಂದು ದಿನ ಪ್ರೆಸ್ಸಿಗೆ ಬಂದವಳು, ಎರಡಕ್ಕೂ ಉಪಚಾರ ಒಂದೇ, ಕೂಡಿಸಿಬಿಡು ಎಂದು ನಿಂತಲ್ಲೇ ಹೇಳಿ ಹೋಗಿದ್ದಳು. ಅವನು ಕೂಡಿಸಿದ್ದ. ಬಾಗಲಕೋಟೆಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಹೀಗಾಗಿ ಇಪ್ಪತ್ತಮೂರರವರೆಗೆ ಎಲ್ಲ ತಪ್ಪು, ಅಲ್ಲಿಂದಾಚೆ ಎಲ್ಲ ಸರಿ. ಮಾವ ಹೇಳಿದ ಚೀಟಿ ಅಂಟಿಸಿದ್ದರೆ ಮೊದಲಿನವು ಸರಿಯಾಗಿ, ಸರಿ ಇದ್ದವು ಕೆಡುತ್ತಿದ್ದವು. ಇಂದ್ರಾಬಾಯಿ ಸರಿ ಇದ್ದ ಸುಟ್ಟಗಾಯದ ನಂಬರಿಗೆ ಒಂದು ಕೂಡಿಸಿ ಪುಟ ತಿರುವಿದಳು. ಅಲ್ಲಿದ್ದದ್ದು ಕಿವಿಯಲ್ಲಿ ಹುಳ ಹೊಕ್ಕರೆ ಬೆಚ್ಚಗಿನ ಎಣ್ಣೆ ಬಿಡುವ ಉಪಚಾರ. ಒಲೆಯ ಮುಂದೆ ಕೈ ಸುಟ್ಟುಕೊಂಡ ಕೂಸು, ಎಣ್ಣೆ ಬಿಸಿ ಮಾಡುತ್ತಿರುವ ತಾಯಿ ಅವಳ ಕಣ್ಣ ಮುಂದೆ ಬಂದರು. ಆ ತಾಯಿಯದು ತಪ್ಪೆನ್ನಲು ಬರುತ್ತಿರಲಿಲ್ಲ. ಓದಲು ಬರುತ್ತಿತ್ತು, ಪುಸ್ತಕ ಹೇಳಿದಂತೆ ಮಾಡಿದಳು, ಅಷ್ಟೇ.

ಹುನಗುಂದದಲ್ಲಿ ಆದದ್ದನ್ನು ತಿದ್ದಲು ಬರುವಂತಿರಲಿಲ್ಲ, ಹೊಲಿಗೆಯೇ ಮುಗಿದಿತ್ತು. ತಿದ್ದುವುದಿದ್ದರೆ ಬಾಗಲಕೋಟೆಯದನ್ನೇ, ಅದೂ ಈಗಲೇ. ತಾನು ಮಧ್ಯಾಹ್ನದ ಬಸ್ಸಿಗೆ ಹೋಗಿ ಹೇಳಿಬರುತ್ತೇನೆ ಎಂದ ಖಾಸಿಂಸಾಬ. ಅಷ್ಟರಲ್ಲಿ ಛಾಪಿಸಿ ಮುಗಿಸಿರುತ್ತಾರೆ ಎಂದಳು ಇಂದ್ರಾಬಾಯಿ. ಹಾಗಾದರೆ ಫೋನು ಮಾಡ್ರಿ, ಕಳಕಪ್ಪನ ಪ್ರೆಸ್ಸಿನಲ್ಲಿ ಫೋನೈತಿ ಎಂದ. ಟ್ರಂಕ್ ಕಾಲ್ ಎಂದರೆ ಪೋಸ್ಟಾಫೀಸಿನಲ್ಲಿ ನಾಲ್ಕು ಜನರ ಮುಂದೆ ಒದರಾಡಬೇಕು. ಅದಾದರೂ ಆದೀತು. ಮಾವ ಕೈಯಾರೆ ಬರೆದು ಕಳಿಸಿದ್ದನ್ನು ಸೊಸೆ ಬೇಡವೆನ್ನುವುದು, ಅದೂ ಪರವೂರಿನ ಹಿರಿಯರ ಮುಂದೆ? ತನ್ನ ಲೆಕ್ಕವೇ ತಪ್ಪಿದ್ದರೆ? ಬಿಕ್ಕಳಿಕೆಗೆ ಬಂದು ನಕ್ಕು ಹೋದ ಡಾಕ್ಟರರ ಮುಖ ನೆನಪಾಯಿತು. ಮತ್ತೊಮ್ಮೆ ಮೊದಲಿನಿಂದ ಓದಿದಳು. ಲೆಕ್ಕ ಅಲುಗಲಿಲ್ಲ.

ಪ್ರೂಫ್ ಹಿಡಿದು ಪೋಸ್ಟಾಫೀಸಿಗೆ ಹೊರಟ ದಾರಿಯಲ್ಲಿ ಗುರುಲಿಂಗವ್ವ ಮನೆಯ ಕಟ್ಟೆಯ ಮೇಲಿಂದಲೇ ಎಲ್ಲಿಗೆಂದು ಕೇಳಿದಳು. ಸೊಸೆ ನಿಂತು ಹೇಳಿದಳು. ಮಾವ ಬರುವವರೆಗೆ ತಡೆ ಎಂದಳು ಅತ್ತೆ.

“ತಡ್ಯಾಕ ಬರೂದಿಲ್ರಿ ಅತ್ತೆವ್ವ. ಕೂಸಿನ್ನ ಹಿಡೀರಿ.”

ಆ ದನಿಯಲ್ಲಿ ಎಂದಿನ ಗಾಬರಿ ಇರಲಿಲ್ಲ. ಗುರುಲಿಂಗವ್ವ ಕೈ ಚಾಚಿ ಮೊಮ್ಮಗಳನ್ನು ಇಸಿದುಕೊಂಡಳು.

ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತು ಕೂತು ಸಾಕಾದ ಮೇಲೆ ಲೈನು ಸಿಕ್ಕಿತು. ಆ ಕಡೆ ಅಚ್ಚು ಹೊಡೆಯುವ ಟ್ರೆಡಲ್ ಮಷೀನಿನ ಸದ್ದಿನ ನಡುವೆ ಕಳಕಪ್ಪನ ಗಡಸು ದನಿ. ಯಾರೆಂದು ತಿಳಿದ ಮೇಲೆ, ಮಾವನ ಕೈಗೆ ಫೋನು ಕೊಡು ಎಂದ.

“ಅವರು ಇಳಕಲ್ಲಿಗೆ ಹೋಗ್ಯಾರ್ರಿ. ನರ್ಸಬಾಯಿ ಪುಸ್ತಕದ ಮಷೀನ ನಿಲ್ಲಸ್ರಿ. ನಂಬರ ತಪ್ಪ್ಯಾವು.”

“ಛಾಪಸ್ರಿ ಅಂತ ಬರದವರು ಸಂಗಯ್ಯನೋರು. ಅವರ ಒಪ್ಪಿಗಿ ಐತೇನು?”

ಪೋಸ್ಟ್‌ಮಾಸ್ತರರು ಮುದ್ರೆ ಒತ್ತುವುದನ್ನು ನಿಲ್ಲಿಸಿ ಇತ್ತ ನೋಡಿದರು. ಇಂದ್ರಾಬಾಯಿ ಅವರತ್ತ ಬೆನ್ನು ತಿರುಗಿಸಿದಳು.

“ಇಲ್ರಿ. ಬೈಸ್ಕೊಳ್ಳೂದು ನನಗಿರಲಿ. ಹೊಟ್ಟಿ ಜಾಡಿಸೋ ಕೂಸಿಗೆ ಔಡಲೆಣ್ಣಿ ಹಾಕ್ರಿ ಅಂತ ನಿಮ್ಮ ಮಷೀನ ಹೊಡ್ಯಾಕತ್ತೈತಿ. ಮೊದಲ ನಿಲ್ಲಸ್ರಿ, ಆಮ್ಯಾಲ ನನ್ನ ಬೈರಿ.”

ಕಳಕಪ್ಪ ಯಾರಿಗೋ ಕೂಗಿದ್ದು ಕೇಳಿಸಿತು. ಮಷೀನಿನ ಸದ್ದು ನಿಧಾನವಾಯಿತು, ಆಮೇಲೆ ನಿಂತಿತು.

“ಹೇಳವಾ, ಬರಕೋತೇನಿ” ಎಂದ.

ಇಂದ್ರಾಬಾಯಿ ಪ್ರೂಫಿನ ಮೇಲೆ ಬೆರಳಿಟ್ಟು, ಬೇನೆಯ ಹೆಸರು ಮೊದಲು ನಂಬರು ಆಮೇಲೆ, ಒಂದೊಂದನ್ನೇ ಬಿಡಿಸಿ ಹೇಳತೊಡಗಿದಳು.