ಕ್ಯೋಟೋಗಿಂತ ದೂರದ ಹರಿಹರ

ನಮ್ಮ ಮನೆಯವರಿಗೆ ದಾವಣಗೆರೆಯಲ್ಲಿ ವಾಚಿನ ಅಂಗಡಿ ಇತ್ತು. ಹಗಲೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಜಪಾನಿನ ಕೈಗಡಿಯಾರಗಳನ್ನು ಬಿಚ್ಚಿ ಕೂಡಿಸುತ್ತಿದ್ದ ಮನುಷ್ಯ. ಆ ದೇಶದಲ್ಲಿ ರೈಲು ಒಂದು ನಿಮಿಷ ತಡವಾದರೂ ಮೈಕಿನಲ್ಲಿ ಕ್ಷಮೆ ಕೇಳುತ್ತಾರೆಂದು ಎಲ್ಲೋ ಓದಿದ್ದರು. ನಮ್ಮೂರಿನ ಸ್ಟೇಷನ್ನಿನಲ್ಲಿ ಕೂತು ಕೂತು ಬೆನ್ನು ಹಿಡಿದವರಿಗೆ ಅದು ತಲೆಗೆ ಹೊಕ್ಕು ಕೂತುಬಿಟ್ಟಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಎರಡನೇ ಮಗಳ ಮದುವೆಯೂ ಆದ ಮೇಲೆ, ಒಂದು ದಿನ ಊಟಕ್ಕೆ ಕೂತವರು ಹೇಳಿದರು: "ಇನ್ನು ನಾವಿಬ್ರೂ ಜಪಾನ್ ನೋಡ್ಕೊಂಡು ಬರಾಣ. ಟೂರಿನೋರ ಜೊತೆ ಬ್ಯಾಡ, ಅವರು ಕುರಿ ಹೊಡ್ಕೊಂಡು ಹೋದಂಗೆ ಹೋಗ್ತಾರೆ. ನೀನು ಹಿಸ್ಟರಿ ಟೀಚರ್ ಅಲ್ವಾ, ನೀನೇ ದಾರಿ ಹಾಕು."

ಟೂರಿನವರು ಬೇಡವೆಂದದ್ದಕ್ಕೆ ನನಗೆ ಆದ ಸಮಾಧಾನ ಅವರಿಗೆ ಗೊತ್ತಾಗಲಿಲ್ಲ. ಟೂರಿನ ಬಸ್ಸು ನನಗೆ ಬೇಕಾದ ಕಡೆ ನಿಲ್ಲುವುದಿಲ್ಲವಲ್ಲ.

ಹೇಳಿಬಿಡುತ್ತೇನೆ. ಎರಡನೇ ಹೆರಿಗೆ ಆದಾಗಿನಿಂದ ನನಗೆ ಒಂದಕ್ಕೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಲಂಗ ಒದ್ದೆ. ಹೀಗಾಗಿ ನಾನು ನಗದ ಟೀಚರ್ ಎಂದು ಹೆಸರಾಗಿದ್ದೆ. ಮಕ್ಕಳು ಹೆದರುತ್ತಿದ್ದರು, ಹೆಡ್‌ಮಾಸ್ತರು ಶಿಸ್ತು ಎಂದು ಹೊಗಳುತ್ತಿದ್ದರು. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಗಂಡನಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ. ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಹೆಜ್ಜೆಗೊಂದು ಕ್ಲಿನಿಕ್ಕು, ಒಂದರೊಳಗೂ ಈ ಮಾತು ಎತ್ತಿಕೊಂಡು ಕಾಲಿಡಲಿಲ್ಲ. ಚೀಟಿ ಬರೆಯುವವರಲ್ಲಿ ಒಬ್ಬರಾದರೂ ನನ್ನ ಹಳೆಯ ವಿದ್ಯಾರ್ಥಿ ಇರುತ್ತಿದ್ದರು.

ಆದ್ದರಿಂದ ಜಪಾನಿಗೆ ದಾರಿ ಹಾಕುವುದೆಂದರೆ ನನಗೆ ಎರಡು ಕೆಲಸ. ಒಂದು ಎಲ್ಲರಿಗೂ ಕಾಣುವಂಥದ್ದು. ಬೆಂಗಳೂರಿನಿಂದ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ತರಿಸಿದೆ. ನಡುಮನೆಯ ಗೋಡೆಗೆ ನಕ್ಷೆ ಅಂಟಿಸಿದೆ. ಹೊಸದಾಗಿ ಶುರುವಾಗಿದ್ದ ಸೈಬರ್ ಕೆಫೆಯಲ್ಲಿ ಹುಡುಗರ ನಡುವೆ ಕೂತು ಕ್ಯೋಟೋದ ಒಂದು ಚಿಕ್ಕ ವಸತಿಗೃಹಕ್ಕೆ ಇ-ಮೇಲ್ ಕಳಿಸಿದೆ. ನಮ್ಮ ಮನೆಯವರಿಗೆ ಟೋಕಿಯೋ ಬೇಕು, ಗಿಂಜಾದ ಅಂಗಡಿ ಸಾಲು ಬೇಕು, ಗುಂಡಿನಂತೆ ಓಡುವ ರೈಲು ಬೇಕು. ನನಗೆ ಕ್ಯೋಟೋದ ಗುಡಿಗಳು, ನಾರಾದ ದೊಡ್ಡ ಬುದ್ಧ, ಹಿಮೇಜಿಯ ಬಿಳಿ ಕೋಟೆ. ಜಗಳವಾಡಿ, ಕೊಟ್ಟು ತೆಗೆದುಕೊಂಡು, ಎಲ್ಲವೂ ದಾರಿಯೊಳಗೆ ಬಂದವು.

ಇನ್ನೊಂದು ಕೆಲಸ ತಲೆಯೊಳಗೇ ನಡೆಯುತ್ತಿತ್ತು. ಊರೂರಿಗೆ ಹೋಗುವ ದೊಡ್ಡ ರೈಲಿನಲ್ಲಿ ಶೌಚಾಲಯ ಇದೆ, ಪಟ್ಟಣದೊಳಗಿನ ರೈಲಿನಲ್ಲಿ ಇಲ್ಲ. ಸ್ಟೇಷನ್ನುಗಳಲ್ಲಿ ಇದೆ, ದೊಡ್ಡ ಅಂಗಡಿಗಳಲ್ಲಿ ಮಹಡಿ ಮಹಡಿಗೂ ಇದೆ. ಕ್ಯೋಟೋದಲ್ಲಿ ಗುಡ್ಡದ ಮೇಲಿನ ಗುಡಿಗೆ ಹತ್ತುವ ಮೊದಲು ಇದೆ, ನಡುವೆ ಹೇಗೋ ಗೊತ್ತಿಲ್ಲ. ಆ ಪುಸ್ತಕದಲ್ಲಿ ಬೇರೆಯವರು ಇತಿಹಾಸ ಓದಿದರೆ ನಾನು ಅಡಿಟಿಪ್ಪಣಿ ಓದುತ್ತಿದ್ದೆ. ವಸತಿಗೃಹದಲ್ಲಿ ನೆಲದ ಚಾಪೆಯ ಮೇಲೆಯೇ ಹಾಸಿಗೆ ಎಂದು ತಿಳಿದಾಗ, ಆ ಚಾಪೆ ಒದ್ದೆಯಾದರೆ ಏನು ಗತಿ ಎಂದು ಎರಡು ದಿನ ಊಟ ಸೇರಲಿಲ್ಲ. ಬಂದವರೆಲ್ಲ ನಕ್ಷೆ ನೋಡಿ, "ಏನ್ ಪ್ಲಾನ್ರೀ ಮೇಡಂ, ಆಯಾಸ ಆಗದಂಗೆ ಹೆಂಗೆ ಹಾಕೀರಿ!" ಎಂದು ಹೊಗಳುವಾಗ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಅತ್ತೆ ಆ ನಕ್ಷೆಯ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆಯ ತವರು ಹರಿಹರ. ಬಸ್ಸಿಗೆ ಹತ್ತಿದರೆ ಅರ್ಧ ತಾಸಿನ ಹಾದಿ, ಆದರೂ ನಾನು ಕಂಡಂತೆ ಅವರು ಹರಿಹರಕ್ಕೆ ಹೋದವರಲ್ಲ. ಮದುವೆಗಿಲ್ಲ, ಮುಂಜಾನೆ ಗುಡಿಗಿಲ್ಲ, ಬೀದಿ ದಾಟಿದ್ದೇ ಕಡಿಮೆ. ಒಡಹುಟ್ಟಿದ ಅಣ್ಣ ಸತ್ತಾಗ ಮಣ್ಣಿಗೂ ಹೋಗಲಿಲ್ಲ. ನಾನಾಗ ಹಸಿ ಬಾಣಂತಿ, ನಮ್ಮ ಮನೆಯವರು ಒಬ್ಬರೇ ಹೋಗಿ ಬಂದಿದ್ದರು. ಅತ್ತೆಗೆ ಸೊಕ್ಕು, ಆಸ್ತಿಯ ಸಿಟ್ಟು ಎಂದು ಬಂಧುಬಳಗವೆಲ್ಲ ಆಡಿಕೊಂಡಿತು. ನಾನೂ ಹಾಗೇ ತಿಳಿದಿದ್ದೆ. ಅಂಥವರು ಟೋಕಿಯೋದ ಬಗ್ಗೆ ಬಿಡದೆ ಕೇಳುತ್ತಿದ್ದರು: "ಅಲ್ಲಿಂದ ಎದ್ದು ಎಲ್ಲಿ ಇಳೀತೀರಿ? ಎಷ್ಟೊತ್ತು ಆಗ್ತೈತೆ?"

ವೀಸಾ ಬಂತು. ಹೊರಡುವ ಹಿಂದಿನ ವಾರ ನನಗೆ ಉಡಿ ತುಂಬುವುದೆಂದಾಯಿತು. ದೂರ ಹೊರಟ ಹೆಣ್ಣುಮಗಳನ್ನು ಮಣೆಯ ಮೇಲೆ ಕೂಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಕಣ ತುಂಬುವುದು ನಮ್ಮಲ್ಲಿ ಬಿಡುವ ಹಾಗಿಲ್ಲ. ಎಲ್ಲರದೂ ಮುಗಿಯುವವರೆಗೆ ಮಣೆ ಬಿಟ್ಟು ಏಳುವ ಹಾಗೂ ಇಲ್ಲ. ನಾನು ಬೆಳಿಗ್ಗೆಯಿಂದ ನೀರು ಮುಟ್ಟಿರಲಿಲ್ಲ. ಆದರೆ ಕುಕ್ಕುವಾಡದಿಂದ ಬರಬೇಕಾದ ನಮ್ಮ ಮನೆಯವರ ದೊಡ್ಡಮ್ಮನ ಬಸ್ಸು ತಡವಾಯಿತು. ಬಂದವರೇ, "ಮುಖ ಬಾಡೈತೆ, ಕುಡಿಯವ್ವ" ಎಂದು ತಾವೇ ತಂದ ಮಜ್ಜಿಗೆಯನ್ನು ಲೋಟ ತುಂಬ ಕುಡಿಸಿ ಮಣೆಯ ಮೇಲೆ ಕೂಡಿಸಿದರು.

ಓಣಿಯ ಹೆಂಗಸರೆಲ್ಲ ಬಂದಿದ್ದರು. ಒಬ್ಬೊಬ್ಬರೂ ಅರಿಶಿನ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಹಾಕಿ, ಸಮಾಧಾನವಾಗಿ ಮಾತಾಡಿ ಏಳುತ್ತಿದ್ದರು. ಉಡಿಯ ಭಾರ ಹೊಟ್ಟೆಯ ಕೆಳಗೆ ಒತ್ತತೊಡಗಿತು. ಹಲ್ಲು ಕಚ್ಚಿಕೊಂಡೆ. ಇನ್ನು ನಾಲ್ಕೈದು ಜನ ಉಳಿದಿದ್ದಾಗ ದೊಡ್ಡಮ್ಮ ಗಂಭೀರವಾಗಿ, "ಅಲ್ಲಿ ಕಪ್ಪೆ ತಿಂತಾರಂತಲ್ಲ, ನೀನು ಚಟ್ನಿಪುಡಿ ಹಚ್ಕೊಂಡಾದ್ರೂ ತಿನ್ನವ್ವ, ಉಪವಾಸ ಇರಬ್ಯಾಡ" ಎಂದರು. ಇಡೀ ನಡುಮನೆ ಗೊಳ್ಳೆಂದಿತು. ನನಗೂ ನಗು ತಡೆಯಲಿಲ್ಲ.

ನಗು ಮುಗಿಯುವಷ್ಟರಲ್ಲಿ ರೇಷ್ಮೆ ಸೀರೆಯ ಹಿಂಭಾಗ ಬೆಚ್ಚಗಾಯಿತು. ಮಣೆಯಿಂದ ನೆಲಕ್ಕೆ ಇಳಿಯುತ್ತಿದ್ದದ್ದು ನನಗೇ ಗೊತ್ತಾಯಿತು. ಇನ್ನು ಎದ್ದು, ಉಡಿ ಹಿಡಿದು, ಎಲ್ಲರೆದುರು ದೇವರ ಕೋಣೆಗೆ ನಡೆಯಬೇಕು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಲವತ್ತು ದಾಟಿದ ಹೆಂಗಸು, ಸಾವಿರ ಮಕ್ಕಳಿಗೆ ಪಾಠ ಹೇಳಿದವಳು, ಒಂದನೇ ಕ್ಲಾಸಿನ ಕೂಸಿನ ಹಾಗೆ ಕೂತಿದ್ದೆ.

ಆಗ ಅತ್ತೆ ಎದ್ದರು. ಮೂಲೆಯಲ್ಲಿದ್ದ ನೀರಿನ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು, "ಬಾಯಿ ಒಣಗೈತೆ ಆಕೆಗೆ" ಎನ್ನುತ್ತ ಹೆಂಗಸರ ನಡುವೆ ನುಗ್ಗಿ ಬಂದು ನನ್ನ ಮೇಲೆ ಮುಗ್ಗರಿಸಿದರು. ಕೊಡದ ನೀರೆಲ್ಲ ನನ್ನ ಬೆನ್ನ ಮೇಲೆ, ಮಣೆಯ ಮೇಲೆ, ನೆಲದ ತುಂಬ. ಹೆಂಗಸರು ಹೌಹಾರಿ ಹಿಂದೆ ಸರಿದರು. "ಅಯ್ಯೋ, ಉಡಿ ತುಂಬೋ ಹೊತ್ತಿನಾಗೆ ಮುಂಡೆ ಆದಾಕಿ ಯಾಕ ಮುಂದೆ ಬರಬೇಕಿತ್ತು?" ಎಂದು ಒಬ್ಬಾಕೆ ಎಲ್ಲರಿಗೂ ಕೇಳುವಂತೆಯೇ ಅಂದಳು. "ಶಕುನ ಕೆಡಿಸಿದ್ಲು" ಎಂದಳು ಇನ್ನೊಬ್ಬಾಕೆ. ಅತ್ತೆ "ವಯಸ್ಸಾತು ನೋಡ್ರವ್ವ, ಕೈ ನಿಲ್ಲಲ್ಲ" ಎಂದು ನನ್ನನ್ನು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋದರು. ಬಾಯಿ ಬಿಡಬೇಕಾದವಳು ನಾನು. ತಲೆ ಬಗ್ಗಿಸಿ ಅವರ ಹಿಂದೆ ನಡೆದೆ.

ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ ನನ್ನ ಸೀರೆ ಬಿಚ್ಚಿ ಬಕೆಟ್ಟಿಗೆ ಹಾಕಿದರು.

"ನಿಮಗೆ ಹೆಂಗೆ ಗೊತ್ತಾತು ಅತ್ತೀ?"

"ಇಷ್ಟು ದಿನದಿಂದ ಕೇಳ್ತಿದೀನಲ್ಲ. ನೀನು ಹಾಕಿದ ದಾರಿಯಾಗೆ ಗುಡಿಗಿಂತ ಸ್ಟೇಷನ್ನೇ ಜಾಸ್ತಿ. ನೀನು ನೀರು ಕುಡಿಯದ್ದೂ ನೋಡೀನಿ. ನಾನೂ ಹಂಗೇ ಇದ್ದೆ, ಈಗ್ಲೂ ಹಂಗೇ."

ಸೀರೆಯ ಮೇಲೆ ನೀರು ಹೊಯ್ಯುತ್ತ ಅವರೇ ಮುಂದುವರಿಸಿದರು.

"ನನ್ನ ಅಣ್ಣನ ಮಣ್ಣಿಗೆ ಯಾಕ ಹೋಗಲಿಲ್ಲ ಅಂತ ಮಾಡೀಯ? ಹೆಣದ ಸುತ್ತ ಹೆಂಗಸರು ಕೂತ ಮೇಲೆ ಎದ್ದು ಹೋಗಾಕೆ ಆಗ್ತೈತಾ? ಅಣ್ಣನ ಮುಂದೆ ಕೂತು ಒದ್ದೆ ಮಾಡ್ಕೊಳ್ಳಾ? ಅತ್ರೆ ಇನ್ನೂ ಜಾಸ್ತಿ ಆಗ್ತಿತ್ತು ನನಗೆ. ಸೊಕ್ಕು ಅಂದ್ರು. ಅನ್ಲಿ ಬಿಡು, ಅದೇ ವಾಸಿ ಅನ್ಕೊಂಡೆ." ಸ್ವಲ್ಪ ಹೊತ್ತು ಸೀರೆ ಹಿಂಡಿದರು. ಆಮೇಲೆ ತಲೆ ಎತ್ತದೆ ಕೇಳಿದರು: "ಜಪಾನಿಗೆ ಹಾಕಿದಂಗೆ ನನಗೊಂದು ಹರಿಹರಕ್ಕೆ ದಾರಿ ಹಾಕಿ ಕೊಡ್ತೀಯಾ? ಅಣ್ಣನ ಮನಿಗೆ ಒಂದ್ಸಲ ಹೋಗಿ ಬರಬೇಕು."

ಭಾನುವಾರ ಒಬ್ಬಳೇ ಬಸ್ಸು ಹತ್ತಿ ಹರಿಹರ ನೋಡಿಕೊಂಡು ಬಂದೆ. ನಾರಾದ ಜಿಂಕೆಗಳ ಬಯಲಿನಲ್ಲಿ ಯಾವ ಮೂಲೆಗೆ ಹೋಗಬೇಕೆಂದು ಕಣ್ಣು ಮುಚ್ಚಿ ಹೇಳಬಲ್ಲವಳಿಗೆ ಇಲ್ಲಿ ಯಾವುದೂ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೋದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋದಷ್ಟೇ ಬೇಗ ಹೊರಗೆ ಬರುತ್ತಿದ್ದರು. ಗುಡಿಯ ಹತ್ತಿರ ಒಬ್ಬ ಹೂವಿನಾಕೆಯನ್ನು ಕೇಳಿದರೆ, "ಹೊಳಿ ಕಡೆ ಹೋಗ್ರಿ ಅಕ್ಕಾರೇ, ಗಿಡದ ಮರೆ ಐತೆ" ಎಂದಳು. ಎಪ್ಪತ್ತು ದಾಟಿದ ಅತ್ತೆಯನ್ನು ಹೊಳೆಯ ದಂಡೆಯ ಗಿಡದ ಮರೆಗೆ ಕೂಡಿಸಲೇ? ಇಷ್ಟು ವರ್ಷ ಇದೇ ಊರಿಗೆ ಹೋಗಿ ಬರುತ್ತಿದ್ದೆ. ಹೋದ ದಿನವೆಲ್ಲ ಬಾಯಿ ಒಣಗಿಸಿಕೊಂಡು ಬರುತ್ತಿದ್ದೆ, ಅಷ್ಟೇ. ಇದೊಂದು ಕೇಳಬೇಕಾದ ಮಾತು ಎಂದೂ ನನಗೆ ಹೊಳೆದಿರಲಿಲ್ಲ. ಬರುವಾಗ ಬಸ್ಸಿನಲ್ಲಿ ನನ್ನ ಮೇಲೆಯೇ ಹೇಸಿಗೆಯಾಯಿತು. ಕೊನೆಗೆ ಸಿಕ್ಕ ದಾರಿ ಒಂದೇ: ಕಾರಿನಲ್ಲಿ ನೇರ ಅತ್ತೆಯ ಅಣ್ಣನ ಮನೆಗೆ, ಅಲ್ಲಿಂದ ನೇರ ವಾಪಸ್ಸು.

ನಮ್ಮ ಮನೆಯವರಿಗೆ ನಂಬಿಕೆಯೇ ಬರಲಿಲ್ಲ. "ಅವ್ವ ಹರಿಹರಕ್ಕೆ ಬರ್ತಾಳಾ?" ಎಂದು ಎರಡು ಸಲ ಕೇಳಿ, ಜಪಾನಿಗೆ ಹೊರಡುವ ಮೊದಲೇ ಗೆಳೆಯರ ಕಾರು ತಂದರು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಹೊಳೆಗೆ ಇಳಿಯುವ ಓಣಿಯಲ್ಲಿ ಅಣ್ಣನ ಮನೆ. ಅಣ್ಣನ ಹೆಂಡತಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೂ ಏಳಲಿಲ್ಲ.

"ಮಣ್ಣಿಗೆ ಬರದಾಕಿ ಈಗ ಯಾಕ ಬಂದಿ?"

ಅತ್ತೆ ನಿಂತೇ ಇದ್ದರು. ಕೂಡು ಎಂದು ಯಾರೂ ಅನ್ನಲಿಲ್ಲ. ಮೊಮ್ಮಕ್ಕಳು, ಸೊಸೆಯರು ಬಾಗಿಲುಗಳಲ್ಲಿ ಬಂದು ನಿಂತರು. ನನ್ನ ಕೈ ಹಿಡಿದಿದ್ದ ಅತ್ತೆಯ ಹಿಡಿತ ಬಿಗಿಯಾಯಿತು. ಆ ಬಿಗಿ ನನಗೆ ಗೊತ್ತು. ಅವರು ಈ ಮನೆಯಲ್ಲಿ ಬಾಯಿ ಬಿಟ್ಟು ಕೇಳುವವರಲ್ಲ, ಸತ್ತರೂ ಕೇಳುವವರಲ್ಲ. ಹಿಂದೆ ಹೊಸ್ತಿಲ ಬಳಿ ನನ್ನ ಗಂಡ ನಿಂತಿದ್ದರು. ಇಷ್ಟು ವರ್ಷ ಯಾರಿಗೆ ಗೊತ್ತಾಗಬಾರದೆಂದು ನಾನು ನಗು ಬಿಟ್ಟಿದ್ದೆನೋ, ನೀರು ಬಿಟ್ಟಿದ್ದೆನೋ, ಅವರೇ.

"ಬಚ್ಚಲು ಎಲ್ಲೈತ್ರಿ?" ಎಂದೆ. ನನ್ನ ದನಿ ಕ್ಲಾಸಿನಲ್ಲಿ ಪಾಠ ಹೇಳುವಷ್ಟು ಜೋರಾಗಿ ಬಂತು. "ನನಗೆ ಒಂದಕ್ಕೆ ತಡಿಯಾಕೆ ಆಗಲ್ಲ. ಇಪ್ಪತ್ತು ವರ್ಷದಿಂದ ಹಿಂಗೇ. ಎಲ್ಲಿಗೆ ಹೋದ್ರೂ ಸೀರೆ ಒದ್ದೆ ಆಗ್ತೈತೆ. ಅತ್ತೆನೂ ನನ್ನ ಜೊತೆ ಬರ್ತಾರೆ."

ಸೊಸೆಯೊಬ್ಬಳು ಬಾಯಿಗೆ ಸೆರಗು ಹಿಡಿದಳು. ಹಿಂದೆ ತಿರುಗಿ ಗಂಡನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆ ಮುದುಕಿ ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು, ಬಹಳ ಹೊತ್ತು ನೋಡಿದರು. ಮೊರ ಪಕ್ಕಕ್ಕಿಟ್ಟು ಎದ್ದು ಬಂದು ಅತ್ತೆಯ ರಟ್ಟೆ ಹಿಡಿದರು.

"ಇಷ್ಟಕ್ಕೇನ?" ಎಂದರು. ಅತ್ತೆ ತಲೆ ಆಡಿಸಿದರು.

ಬಚ್ಚಲಿಗೆ ಬಾಗಿಲಿರಲಿಲ್ಲ, ಗೋಣಿಯ ಪರದೆ ಇತ್ತು. ಅತ್ತೆಯನ್ನು ಒಳಗೆ ಬಿಟ್ಟು, ಆ ಮುದುಕಿ ಪರದೆಯನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ನಿಂತರು. ಮುಖ ಆಚೆ ತಿರುಗಿಸಿ ಒಳಗಿದ್ದ ಅತ್ತೆಯ ಜೊತೆ ಮಾತಾಡತೊಡಗಿದರು.

"ಒಂದು ಮಾತು ಹೇಳಿ ಕಳಿಸಬಾರದಿತ್ತಾ? ನಾನಿರ್ಲಿಲ್ಲಾ? ಕೈ ಹಿಡ್ಕೊಂಡು ಎಬ್ಬಿಸಿ ಕರ್ಕೊಂಡು ಹೋಗ್ತಿದ್ನಲ್ಲೇ. ನಿನ್ನ ಸಲುವಾಗಿ ಸಂಜೀತನಕ ಹೆಣ ಎತ್ತಿರಲಿಲ್ಲ. ತಂಗಿ ಬರ್ತಾಳೆ, ತಂಗಿ ಬರ್ತಾಳೆ ಅಂತ ಎಲ್ರನ್ನೂ ನಾನೇ ನಿಲ್ಸಿದ್ದೆ. ಕೊನಿಗೆ ನಿನ್ನ ಮಗನೇ ಬಂದು ಹೇಳಿದ, ನಮ್ಮವ್ವ ಸೊಕ್ಕಿನಾಕಿ, ಆಕಿ ಬರಲ್ಲ, ಎತ್ರಿ ಅಂತ."

ಪರದೆಯ ಆಚೆ ನೀರಿನ ಸದ್ದು ನಿಂತಿತು. ನಾನು ಆಗ ತಿರುಗಿ ನೋಡಿದೆ. ನಮ್ಮ ಮನೆಯವರು ಕಾರಿನ ಬೀಗದ ಕೈ ಹಿಡಿದು ಹೊಸ್ತಿಲಲ್ಲೇ ನಿಂತಿದ್ದರು. ಒಳಗೆ ಬರಲು ಅವರಿಗೆ ಆಗುತ್ತಿರಲಿಲ್ಲ.